ಮೈಲುತುತ್ತವಿಲ್ಲದ ಐದು ವರ್ಷ

ವಿಮಲಾಕ್ಷಿ ಮರದ ಸೌಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಳು. ದಿಕ್ಕು ಬದಲಾದರೆ ಮೈದಾ ಗಂಟು ಕಟ್ಟುತ್ತದೆ. ಎಡಗೈಯಲ್ಲಿ ಹಳೆಯ ಸೀರೆಯ ಚೂರೊಂದನ್ನು ಮಡಿಸಿ ನನ್ನ ಅಂಚನ್ನು ಹಿಡಿದಿದ್ದಳು. ಮೈದಾ ಕಲಸಿದ ನೀರು ಮೊದಲು ಹಾಲಿನಂತಿರುತ್ತದೆ, ಆಮೇಲೆ ಗಂಜಿಯಂತಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಬಿಳುಪು ಹೋಗಿ ಮಬ್ಬು ಗಾಜಿನ ಹೊಳಪು ಬರುತ್ತದೆ. ಆ ಗಳಿಗೆಗೆ ಉರಿ ಸಣ್ಣ ಮಾಡಿ ಚಿಟಿಕೆ ಮೈಲುತುತ್ತ ಉದುರಿಸಬೇಕು. ಮೂವತ್ತು ವರ್ಷಗಳಲ್ಲಿ ಅವಳ ಕೈ ಆ ಗಳಿಗೆಯನ್ನು ತಪ್ಪಿಸಿಕೊಂಡದ್ದು ಕಡಿಮೆ.

ಅಂದು ತಪ್ಪಿತು. ನನ್ನ ಕೆಳಗಿನ ಉರಿಯಲ್ಲಿ ಚುಸ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಅವಳು ಅಂಟನ್ನು ಬೇರೆ ಪಾತ್ರೆಗೆ ಸುರಿದು, ನನ್ನನ್ನು ತೊಳೆದು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ನನ್ನ ತಳದಲ್ಲಿ ಸಾಸಿವೆ ಕಾಳಿನಷ್ಟು ಆಕಾಶ ಕಂಡಿತು.

"ಮುಗೀತೇನ ನಿಂದೂ," ಎಂದಳು.

ನಾನು ಒಂದು ಬೋಗುಣಿ. ಅಲ್ಯೂಮಿನಿಯಂನವನು. ನಮ್ಮ ಗದಗಿನ ಕಡೆ ನನ್ನಂಥವರನ್ನು ಜರ್ಮನ್ ಪಾತ್ರೆ ಎನ್ನುತ್ತಾರೆ. ಯಾಕೆಂದು ನನಗೂ ಗೊತ್ತಿಲ್ಲ, ಅನ್ನುವವರಿಗೂ ಗೊತ್ತಿಲ್ಲ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ದುಂಡಗೆ ಕತ್ತರಿಸಿದ ತಗಡನ್ನು ತಿರುಗುವ ಅಚ್ಚಿಗೆ ಸಿಕ್ಕಿಸಿ, ಒಬ್ಬ ಮನುಷ್ಯ ಉದ್ದನೆಯ ಕೋಲನ್ನು ಕಂಕುಳಲ್ಲಿ ಇರುಕಿಸಿಕೊಂಡು ನನ್ನನ್ನು ಒತ್ತುತ್ತ ಹೋದ. ಚಪ್ಪಟೆಯಾಗಿದ್ದ ನನಗೆ ಅಂಚು ಬಂತು, ಹೊಟ್ಟೆ ಬಂತು. ಅವನ ಮುಖವನ್ನು ನಾನು ನೋಡಲಿಲ್ಲ. ಆಗ ನಾನು ಬೋರಲಾಗಿದ್ದೆ.

ಗದಗಿನ ಭಾಂಡೆ ಅಂಗಡಿಯಿಂದ ನನ್ನನ್ನು ಕೊಂಡವಳು ಗೌರವ್ವ. ಗೆಣ್ಣಿನಿಂದ ಮೂರು ಸಲ ಬಡಿದು, ಸದ್ದು ಕೇಳಿ, "ಇದು ಹಾಲಿಗೆ ಬರತೈತಿ," ಎಂದಳು. ಐದಾರು ವರ್ಷ ಅವಳ ಮನೆಯಲ್ಲಿ ಹಾಲು ಕಾಯಿಸಿದೆ. ಉಕ್ಕುವ ಮುಂಚೆ ಹಾಲು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನ ನನ್ನ ಗೋಡೆಗಳಿಗೆ ಇವತ್ತಿಗೂ ನೆನಪಿದೆ.

ಗೌರವ್ವನ ಗಂಡ ಫಕೀರಪ್ಪ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ. ಅಲ್ಲಿ ಅಂಟು ಕಾಯಿಸುವ ಕಬ್ಬಿಣದ ಬಾಣಲೆ ತುಕ್ಕು ಹಿಡಿದು ಬಿಳಿ ಹಾಳೆಗೆಲ್ಲ ಕಂದು ಕಲೆ ಬೀಳುತ್ತಿತ್ತು. ಗೌರವ್ವ ತನ್ನ ತಂಗಿಯ ಮನೆಗೆ ಹೋದ ದಿನ ಅವನು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಪ್ರೆಸ್ಸಿಗೆ ಹೋದ. ಮೈದಾ ಕಾಯಿಸಿದ, ತುತ್ತ ಹಾಕಿದ. ಮೈಲುತುತ್ತ ನೋಡಲು ಚೆಲುವಾದ ಹರಳು, ನವಿಲಿನ ಕತ್ತಿನ ಬಣ್ಣ. ಆದರೆ ವಿಷ. ಅದು ಬಿದ್ದ ಅಂಟನ್ನು ಹುಳ ಮುಟ್ಟುವುದಿಲ್ಲ. ಅದು ಬಿದ್ದ ಪಾತ್ರೆಯನ್ನು ಅಡಿಗೆಮನೆ ಮುಟ್ಟುವುದಿಲ್ಲ.

ಮೂರನೆಯ ದಿನ ಊಟದ ಡಬ್ಬಿ ಹಿಡಿದು ಗೌರವ್ವ ಬಂದಳು. ನನ್ನನ್ನು ನೋಡಿದಳು.

"ನನ್ನ ಹಾಲಿನ ಬೋಗಾಣಿ ಅಲ್ಲೇನಿದು?"

"ತುತ್ತ ಬಿದ್ದೈತಿ. ಇನ್ನ ಕೇಳಬ್ಯಾಡ."

"ಬೀಳೂದಕ್ಕಿಂತ ಮೊದಲ ನೀವು ಕೇಳಬೇಕಿತ್ತು. ನಾಳೆ ನನ್ನ ಲಟ್ಟಣಗಿ ಒಯ್ದು ಹಾಳಿ ಒತ್ತತೀರಿ."

"ಅದನ್ನ ಆಗಲೇ ಒಯ್ದೀನಿ," ಎಂದ ಫಕೀರಪ್ಪ.

ಅವಳು ನಕ್ಕಳೋ ಬೈದಳೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಯಾರೂ ತಪ್ಪಿ ನನ್ನನ್ನು ಅಡಿಗೆಗೆ ಬಳಸದಿರಲೆಂದು ಫಕೀರಪ್ಪ ಅಂದೇ ನನ್ನ ಹೊಟ್ಟೆಯ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ಒಂದು ಗೀಟು ಎಳೆದ. ಹೀಗೆ ನನ್ನ ಮೊದಲ ಬಾಳು ಮುಗಿಯಿತು. ಹಾಲಿನ ಆಸೆ ಅಷ್ಟು ಬೇಗ ಹೋಗಲಿಲ್ಲ. ಮೈದಾ ನೀರು ಇನ್ನೂ ಬೆಳ್ಳಗಿರುವಾಗ ಎಷ್ಟೋ ಸಲ ನಾನು ಮೋಸ ಹೋಗಿದ್ದೇನೆ.

ವಿಮಲಾಕ್ಷಿ ಅವರ ಒಬ್ಬಳೇ ಮಗಳು. ಆಗ ಎಂಟು ವರ್ಷ. ಸಾಲೆ ಬಿಟ್ಟ ಕೂಡಲೇ ಪ್ರೆಸ್ಸಿಗೆ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಅವಳ ಕಣ್ಣು ಕಟಿಂಗ್ ಯಂತ್ರದ ಕೆಳಗೆ ಬೀಳುವ ಬಣ್ಣದ ಪಟ್ಟಿಗಳ ಮೇಲಲ್ಲ, ಮೂಲೆಯಲ್ಲಿ ಒಟ್ಟಿದ ಕೆಟ್ಟ ಹಾಳೆಗಳ ಮೇಲೆ. ಮುದ್ರಣ ಶುರು ಮಾಡುವಾಗ ಮಸಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದೇ ಹಾಳೆಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಡುತ್ತಿದ್ದರು. ನಿನ್ನೆಯ ಲಗ್ನಪತ್ರಿಕೆಯ ಮೇಲೆ ಇವತ್ತಿನ ನಾಟಕದ ಕರಪತ್ರ, ಅದರ ಮೇಲೆ ಸೊಸೈಟಿಯ ನೋಟೀಸು. ಗಣಪತಿಯ ಸೊಂಡಿಲಿನೊಳಗಿಂದ ಯಾರದೋ ಹೆಸರು ಇಣುಕುತ್ತಿತ್ತು. ಮದುವಣಗಿತ್ತಿಯ ಮುಖದ ಮೇಲೆ 'ಸರ್ವ ಸದಸ್ಯರ ಗಮನಕ್ಕೆ' ಎಂದಿರುತ್ತಿತ್ತು.

"ಅಪ್ಪಾ, ಇದನ್ನ ಯಾರು ಬರದ್ರು?"

"ಯಾರೂ ಬರದಿಲ್ಲ. ಮಶೀನ ತಪ್ಪು ಮಾಡೇತಿ."

"ತಪ್ಪ ಚಂದ ಐತಿ," ಎಂದಳು ಹುಡುಗಿ.

ಅವಳ ಮುಂದಿನ ಬದುಕೆಲ್ಲ ಅಲ್ಲಿಂದ ಹೊರಟಿತು ಎಂದು ನನ್ನ ನಂಬಿಕೆ. ಆ ಹಾಳೆಗಳನ್ನು ಚೂರು ಮಾಡಿ, ನನ್ನ ತಳದಲ್ಲಿ ಉಳಿದ ಅಂಟು ಬಳಿದು, ಕಿಟಕಿಯ ಕೆಳಗಿನ ಗೋಡೆಗೆ ಹಚ್ಚತೊಡಗಿದಳು. ಫಕೀರಪ್ಪ ಬೈಯಲಿಲ್ಲ. "ಅಂಟ ಕಡಿಮಿ ಹಚ್ಚು, ಒತ್ತೂದು ಹೆಚ್ಚ ಮಾಡು," ಎಂದು ಮಾತ್ರ ಹೇಳಿದ. ಆಮೇಲೆ ದೊಡ್ಡ ಕಲಾವಿದರಿಂದ ಅವಳು ಎಷ್ಟೋ ಪಾಠ ಕೇಳಿದಳು. ಕೈಗೆ ಉಳಿದದ್ದು ಇದೇ.

ಚಿತ್ರಕಲಾ ಶಾಲೆಗೆ ಸೇರಿದಾಗ ಅಲ್ಲಿನ ಮೇಷ್ಟ್ರು ಇವಳ ಹಾಳೆಗಳನ್ನು ನೋಡಿ, ಇದಕ್ಕೆ ಕೊಲಾಜ್ ಎನ್ನುತ್ತಾರೆ ಎಂದರಂತೆ. ಸಂಜೆ ಪ್ರೆಸ್ಸಿಗೆ ಬಂದು ಅಪ್ಪನಿಗೆ ಹೇಳಿದಳು. ಮಗಳ ಹುಚ್ಚಿಗೂ ಒಂದು ಹೆಸರಿದೆ ಎಂದು ಫಕೀರಪ್ಪನಿಗೆ ಸಮಾಧಾನವಾಯಿತು.

ಮದುವೆಯಾಗಿ ಬೆಟಗೇರಿಗೆ ಹೋಗುವಾಗ ಅವಳು ಬೇಡಿದ ಬಳುವಳಿ ನಾನು. ಹೊಸ ಸ್ಟೀಲಿನ ಪಾತ್ರೆಗಳ ನಡುವೆ ಕೆಂಪು ಗೀಟಿನ ನನ್ನನ್ನು ನೋಡಿ ಅವಳ ಅತ್ತೆ ನೀಲವ್ವ ಹುಬ್ಬು ಗಂಟಿಕ್ಕಿದಳು. "ಇದ್ಯಾಕ ಬೇಕಿತ್ತು? ಭಿಕ್ಷಾದ ಪಾತ್ರಿ ಕಂಡಂಗ ಐತಿ."

"ಅದು ನನ್ನ ಕೆಲಸದ್ದು ಅತ್ತಿ. ಅಡಿಗಿಮನ್ಯಾಗ ಬರಂಗಿಲ್ಲ."

"ನೀನರ ಬರತೀಯೋ ಇಲ್ಲೋ?"

ಬಂದಳು. ಅಡಿಗೆಯನ್ನೂ ಮಾಡಿದಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸವನ್ನೂ ಮಾಡಿದಳು. ನನಗೆ ಹಿತ್ತಲ ಬಾಗಿಲ ಬಳಿಯ ಚಿಕ್ಕ ಜಾಗ ಸಿಕ್ಕಿತು. ಕೊಲಾಜ್ ಪಾಠವಿದ್ದ ದಿನ ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆಯ ಚೀಲದಲ್ಲಿಟ್ಟು ನನ್ನನ್ನು ಶಾಲೆಗೆ ಒಯ್ಯುತ್ತಿದ್ದಳು.

ಅಲ್ಲಿಯ ಹುಡುಗಿಯರು ತರುತ್ತಿದ್ದ ಕಾಗದವೆಂದರೆ ಲಗ್ನಪತ್ರಿಕೆ, ಹಳೆಯ ಕ್ಯಾಲೆಂಡರು. ಎಲ್ಲದರ ಮೇಲೂ ದೇವರು. ಮೊದಲ ಪಾಠದಲ್ಲೇ ಕೆಲಸ ನಿಂತಿತು. ಒಬ್ಬ ಹುಡುಗಿ ಕತ್ತರಿಯನ್ನು ಬಾಯಿ ತೆರೆದು ಹಿಡಿದು ಕುಳಿತಿದ್ದಳು.

"ಅಕ್ಕಾರ, ಗಣಪ್ಪನ ಮ್ಯಾಲ ಕತ್ತರಿ ಆಡಿಸಿದ್ರ ಪರೀಕ್ಷಾದಾಗ ಫೇಲ್ ಮಾಡತಾನಂತ. ನಮ್ಮಜ್ಜಿ ಹೇಳ್ಯಾಳ."

"ನಿಮ್ಮಜ್ಜಿ ಯಾವ ಪರೀಕ್ಷಾ ಕಟ್ಟಿದ್ಳು?"

"ಒಂದೂ ಕಟ್ಟಿಲ್ರಿ. ಅದಕ್ಕ ಪಾಸಾಗ್ಯಾಳ."

ತರಗತಿಯೆಲ್ಲ ನಕ್ಕಿತು. ವಿಮಲಾಕ್ಷಿಯೂ ನಕ್ಕಳು. ಆಮೇಲೆ ಹುಡುಗಿಯ ಕೈಯಿಂದ ಕತ್ತರಿ ತೆಗೆದು ಕೆಳಗಿಟ್ಟಳು. "ಹಂಗಾರ ಕೈಲೆ ಹರಿ. ಗಣಪ್ಪನ್ನ ಮುಟ್ಟಬ್ಯಾಡ, ಅವನ ಸುತ್ತಲಿನ ಹಾಳಿ ಹರಿ. ಅವ ತಾನ ಹೊರಗ ಬರತಾನ."

ಕೈಯಿಂದ ಹರಿದ ಕಾಗದಕ್ಕೆ ಅಂಚಿನಲ್ಲಿ ಬಿಳಿಯ ನೂಲು ಏಳುತ್ತದೆ. ಕತ್ತರಿಸಿದ ಕಾಗದ ಪಕ್ಕದ ಕಾಗದದಿಂದ ಬೇರೆಯಾಗಿಯೇ ನಿಲ್ಲುತ್ತದೆ, ಹರಿದದ್ದು ಅದರೊಳಗೆ ಸೇರುತ್ತದೆ. ಆ ದಿನ ಮೂವತ್ತೆಂಟು ಹುಡುಗಿಯರ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಅವಳು ಬಹಳ ಹೊತ್ತು ನೋಡಿದಳು. ಅಂದಿನಿಂದ ತನ್ನ ಚಿತ್ರಗಳಿಗೂ ಕತ್ತರಿ ಮುಟ್ಟಿಸಲಿಲ್ಲ.

ಊರಿಗೂ ಒಂದು ಅನುಕೂಲವಾಯಿತು. ದೇವರ ಚಿತ್ರವಿರುವ ಕಾಗದವನ್ನು ಎಸೆಯಲು ಜನರಿಗೆ ಮನಸ್ಸು ಬರುವುದಿಲ್ಲ. ಹೊಳೆಗೆ ಬಿಡೋಣವೆಂದರೆ ಗದಗಿನಲ್ಲಿ ಹೊಳೆಯಿಲ್ಲ. ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳನ್ನು ಹೊರೆಗಟ್ಟಲೆ ಕಟ್ಟಿಕೊಂಡು ಅವಳ ಬಾಗಿಲಿಗೆ ಬರತೊಡಗಿದರು. "ಟೀಚರ್ರ, ಇವನ್ನ ನೀವ ಎಲ್ಲಿಗರ ಮುಟ್ಟಸರಿ," ಎಂದು ಕೈತೊಳೆದುಕೊಂಡಂತೆ ಹೋಗುತ್ತಿದ್ದರು. ನೀಲವ್ವ ಅದಕ್ಕೆ 'ಚಿಂದಿ ವ್ಯವಹಾರ' ಎಂದು ಹೆಸರಿಟ್ಟಳು. ಆದರೆ ತನ್ನ ತವರಿನ ಲಗ್ನಪತ್ರಿಕೆಗಳನ್ನೂ ಮೆಲ್ಲಗೆ ಆ ಹೊರೆಯೊಳಗೆ ಸೇರಿಸುತ್ತಿದ್ದಳು.

ಇಷ್ಟು ಹೇಳಿದ್ದು ಮುಂದಿನದಕ್ಕಾಗಿ. ಅದನ್ನು ಕಂಡದ್ದು ನಾನೊಬ್ಬನೇ. ನಾನು ಪಾತ್ರೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಮಗಳು ತನುಜಾ ಹುಟ್ಟಿ ಹದಿನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನೀಲವ್ವ ಮಠಕ್ಕೆ ಹೋಗಿದ್ದಳು. ವಿಮಲಾಕ್ಷಿಯ ಗಂಡ ಅಂದಾನಪ್ಪ ಎಪಿಎಂಸಿಯ ತನ್ನ ಕಚೇರಿಯಲ್ಲಿದ್ದ. ಮಗು ಮಲಗಿದೆ ಎಂದು ಅವಳು ನೆಲದ ಮೇಲೆ ಹಲಗೆ ಹಾಸಿ, ನನ್ನನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಒಂದು ನೀಲಿ ಕಾಗದ ಹುಡುಕಲು ಒಳಗೆ ಹೋದಳು. ಬರುವಷ್ಟರಲ್ಲಿ ಮಗು ಅಂಬೆಗಾಲಿಟ್ಟು ನನ್ನ ಬಳಿ ಬಂದಿತ್ತು. ಬೆಚ್ಚಗಿನ ಪುಟ್ಟ ಬೆರಳೊಂದು ನನ್ನೊಳಗೆ ಇಳಿಯಿತು. ಹಾಲಿನ ಕಾಲದ ನಂತರ ಅಂಥ ಸ್ಪರ್ಶ ನನಗಾಗಿರಲಿಲ್ಲ. ನನಗೆ ಕೂಗಲು ಬಾಯಿರಲಿಲ್ಲ.

ಬೆರಳು ನಾಲಿಗೆಗೆ ತಾಗಿತ್ತೋ ಇಲ್ಲವೋ, ಅಷ್ಟರಲ್ಲಿ ವಿಮಲಾಕ್ಷಿ ಅದನ್ನು ಹಿಡಿದಿದ್ದಳು. ಮಗುವಿನ ಬಾಯಿ ತೊಳೆದಳು, ಸೆರಗಿನಿಂದ ನಾಲಿಗೆ ಒರೆಸಿದಳು, ಎತ್ತಿಕೊಂಡು ಬರಿಗಾಲಲ್ಲಿ ಡಾಕ್ಟರ ಬಳಿಗೆ ಓಡಿದಳು. ಮರಳಿ ಬಂದಾಗ ಮಗು ಅವಳ ಭುಜದ ಮೇಲೆ ನಗುತ್ತಿತ್ತು. ಏನೂ ಆಗಿರಲಿಲ್ಲ. ಅವಳು ಮಾತ್ರ ನನ್ನ ಎದುರು ಗೋಡೆಗೊರಗಿ, ಮಗುವನ್ನು ಬಿಗಿಯಾಗಿ ಹಿಡಿದು, ನೀಲವ್ವ ಬಾಗಿಲು ತಟ್ಟುವವರೆಗೆ ಕೂತೇ ಇದ್ದಳು.

"ಯಾಕ ಹಿಂಗ ಕುಂತಿ?" ಎಂದಳು ನೀಲವ್ವ.

"ಸುಮ್ನ, ಅತ್ತಿ."

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ನಾನು ಗುಜರಿಗೆ ಹೋಗುತ್ತಿದ್ದೆ, ಅವಳ ಕಾಗದಗಳು ಒಲೆಗೆ. ಅದಕ್ಕಿಂತ ಹೆಚ್ಚಾಗಿ, ಹೇಳಲು ಅವಳಿಗೆ ನಾಚಿಕೆಯಿತ್ತು. ತಾಯಿಯಾದವಳು ವಿಷದ ಪಾತ್ರೆಯನ್ನು ಮಗುವಿನ ಪಕ್ಕ ಬಿಟ್ಟು ನೀಲಿ ಕಾಗದ ಹುಡುಕುತ್ತಿದ್ದಳು ಎಂಬ ಮಾತನ್ನು ಅವಳು ತನಗೇ ಎಷ್ಟು ಸಲ ಹೇಳಿಕೊಂಡಳೋ.

ಮೂರು ದಿನ ನನ್ನನ್ನು ಬೂದಿ ಹಾಕಿ ತಿಕ್ಕಿದಳು, ಹುಣಿಸೆಹಣ್ಣು ಹಾಕಿ ತಿಕ್ಕಿದಳು, ನೀರು ಕುದಿಸಿ ಚೆಲ್ಲಿದಳು. ತುತ್ತದ ಡಬ್ಬಿಯನ್ನು ಒಂದು ಚಿಂದಿಯಲ್ಲಿ ಸುತ್ತಿ ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನನ್ನನ್ನು ಎತ್ತರದಲ್ಲಿಟ್ಟಿದ್ದರೆ ಸಾಲದಿತ್ತೆ ಎಂದು ನೀವು ಕೇಳಬಹುದು. ಅಂಟು ಪಾತ್ರೆಯಲ್ಲಿ ಮಾತ್ರ ಇರುವುದಿಲ್ಲ. ಅವಳ ಬೆರಳಲ್ಲಿರುತ್ತದೆ, ಸೆರಗಲ್ಲಿರುತ್ತದೆ, ನೆಲದ ಮೇಲಿನ ಚೂರುಗಳಲ್ಲಿರುತ್ತದೆ. ಆ ವಯಸ್ಸಿನ ಮಗು ಲೋಕವನ್ನೆಲ್ಲ ಬಾಯಿಂದ ನೋಡುತ್ತದೆ.

ಅಂದಿನಿಂದ ಐದು ವರ್ಷ ನನ್ನೊಳಗೆ ಬರೀ ಮೈದಾ ಮತ್ತು ನೀರು. ಅವಳಿಗೆ ಇದರ ಫಲ ಗೊತ್ತಿತ್ತು. ಬೈಂಡರನ ಮಗಳು. ಒಮ್ಮೆ ಬಂದಿದ್ದ ಫಕೀರಪ್ಪ ನನ್ನೊಳಗೆ ಬಗ್ಗಿ ನೋಡಿದ. ಅಂಟಿನಲ್ಲಿ ನೀಲಿಯ ಛಾಯೆ ಇರಲಿಲ್ಲ.

"ತುತ್ತ ಹಾಕಿಲ್ಲೇನ?"

"ಇಲ್ಲಪ್ಪ."

"ಹುಳಾ ತಿಂತಾವ ನೋಡು. ಇವತ್ತ ಅಲ್ಲ. ಹತ್ತು ವರ್ಷಕ್ಕೋ ಇಪ್ಪತ್ತಕ್ಕೋ."

"ತಿನ್ನಲಿ ಬಿಡು."

ಫಕೀರಪ್ಪ ನೆಲದ ಮೇಲೆ ಕಾಗದದ ಚೂರು ಚೀಪುತ್ತಿದ್ದ ಮೊಮ್ಮಗಳನ್ನು ನೋಡಿದ. ಮುಂದಿನ ಸಲ ಬರುವಾಗ ಒಂದು ಗಂಟು ಬಜೆ ಬೇರು ತಂದು, ಇದರ ಘಾಟು ಹುಳಕ್ಕೆ ಆಗದು, ಚಿತ್ರಗಳ ನಡುವೆ ಇಡು ಎಂದು ಕೊಟ್ಟ. ಈಗ ಅವನೂ ಇಲ್ಲ.

ಆ ಐದು ವರ್ಷಗಳಲ್ಲಿ ಅವಳು ಏಳು ಚಿತ್ರ ಮಾಡಿದಳು. ಬೆಟಗೇರಿಯ ನೇಕಾರರ ಓಣಿ, ಅಲ್ಲಿ ಒಣಹಾಕಿದ ನೂಲಿನ ಲಡಿಗಳು, ಮಗ್ಗದ ಗುಂಡಿಯೊಳಗೆ ಇಳಿಬಿಟ್ಟ ಕಾಲುಗಳು, ಬಾಗಿಲ ಸಂದಿಯಿಂದ ಕಾಣುವ ಒಂದು ಸೊಂಟ, ಒಂದು ಕೈ. ಅದಕ್ಕೆ ಮುಂಚಿನ ಚಿತ್ರಗಳಲ್ಲಿ ಹುಡುಗಿಯೊಬ್ಬಳ ಜಾಣತನವಿತ್ತು, ಆಮೇಲಿನವುಗಳಲ್ಲಿ ಕಲಿತವಳ ಕೈಚಳಕವಿತ್ತು. ಈ ಏಳರಲ್ಲಿ ಅವಳೇ ಇದ್ದಳು. ಮಗು ಮಲಗಿದಾಗ ಮಾತ್ರ ಸಿಗುತ್ತಿದ್ದ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮಾಡಿದವು. ಮಗು ಮಿಸುಕಿದರೆ, ಹಿಡಿದ ಚೂರಿಗೆ ದಪ್ಪಗೆ ಅಂಟು ಬಳಿದು, ಒತ್ತಲೂ ಪುರುಸೊತ್ತಿಲ್ಲದೆ ಹಾಗೇ ಮೆತ್ತಿ ಏಳುತ್ತಿದ್ದಳು. ಎದ್ದ ಮಗು ನೇರ ನನ್ನ ಬಳಿಗೆ ಬರುತ್ತಿತ್ತು. ಬೆರಳು ಅದ್ದಿ ನೆಕ್ಕುತ್ತಿತ್ತು. ಈಗ ಅವಳು ತಡೆಯುತ್ತಿರಲಿಲ್ಲ. "ಸಾಕ, ಹೊಟ್ಟಿ ನೋಯ್ತದ," ಎಂದು ನಗುತ್ತಿದ್ದಳು. ನಾನು ನಂಬಿದ್ದೆ, ನಾನು ಮತ್ತೆ ಮನೆಯ ಪಾತ್ರೆಯಾದೆ ಎಂದು.

ತನುಜಾ ಶಾಲೆಗೆ ಹೋಗತೊಡಗಿದ ವರ್ಷ ಬೀರುವಿನಿಂದ ಡಬ್ಬಿ ಹಿಂದಿರುಗಿತು. ಚಿಟಿಕೆ ತುತ್ತ ನನ್ನೊಳಗೆ ಬಿತ್ತು. ಬೆರಳು ಮತ್ತೆ ಬರಲಿಲ್ಲ. ತುತ್ತ ತಿಂದು ನನ್ನ ತಳದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳತೊಡಗಿದವು.

ಮಕ್ಕಳು ದೊಡ್ಡವರಾಗುವಾಗ ಏನನ್ನು ನೆನಪಿಟ್ಟುಕೊಳ್ಳುತ್ತಾರೆ, ಏನನ್ನು ಬಿಡುತ್ತಾರೆ ಎಂಬುದು ಯಾರ ಕೈಯಲ್ಲೂ ಇಲ್ಲ. ತನುಜಾಳಿಗೆ ನೆನಪುಳಿದದ್ದು ತಾಯಿಯ ಬೆನ್ನು. ಒಂಬತ್ತನೆಯ ತರಗತಿಯಲ್ಲಿದ್ದಾಗ ಯಾವುದೋ ಜಗಳದ ನಡುವೆ ಅವಳು ಅಂದದ್ದು ನನಗೆ ಕೇಳಿಸಿತು. "ನಾ ಎದ್ದಾಗೆಲ್ಲಾ ನೀ ಹಾಳಿ ಮ್ಯಾಲ ಬಗ್ಗಿರತಿದ್ದಿ. ನಿನಗ ಮಗಳು ಬೇಕಾಗಿರಲಿಲ್ಲ, ಹಾಳಿ ಬೇಕಾಗಿತ್ತು." ವಿಮಲಾಕ್ಷಿ ಕೈಯಲ್ಲಿದ್ದ ಬ್ರಷ್ಷನ್ನು ನನ್ನ ಅಂಚಿಗೆ ಒರೆಸಿದಳು. ಮತ್ತೆ ಒರೆಸಿದಳು. ಒರೆಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಓದು ಮುಗಿದು ತನುಜಾಳಿಗೆ ಬೆಳಗಾವಿಯ ಒಂದು ಬ್ಯಾಂಕಿನಲ್ಲಿ ಕೆಲಸವಾಯಿತು. ಬೆಳಗಾವಿ ದೂರದ ಊರಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬರಬಹುದು. ಆದರೂ ಹಬ್ಬಕ್ಕೊಮ್ಮೆ ಬಂದಳು, ಆಮೇಲೆ ಎರಡು ಹಬ್ಬಕ್ಕೊಮ್ಮೆ. ನೀಲವ್ವ ತೀರಿಕೊಂಡ ಮೇಲೆ ಇನ್ನೂ ಕಡಿಮೆ. ಫೋನಿನಲ್ಲಿ ತಾಯಿ "ಉಂಡೀಯೇನ?" ಎನ್ನುತ್ತಿದ್ದಳು. ಉತ್ತರ ಬೇಗ ಮುಗಿಯುತ್ತಿತ್ತು. ಮಗಳು ಫೋನು ಇಟ್ಟ ಮೇಲೂ ವಿಮಲಾಕ್ಷಿ ತನ್ನದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿರುತ್ತಿದ್ದಳು.

ನನ್ನ ತಳ ತೂತಾದ ವರ್ಷವೇ ಧಾರವಾಡದಿಂದ ಕರೆ ಬಂತು. ಚಿತ್ರಕಲಾ ಶಾಲೆಯಲ್ಲಿ ಅವಳ ಸಹಪಾಠಿಯಾಗಿದ್ದ ಹಂಚಿನಾಳ ಈಗ ಅಲ್ಲಿ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದ. ಅವಳ ಇಪ್ಪತ್ತು ಚಿತ್ರಗಳನ್ನು ಒಟ್ಟಿಗೆ ತೂಗುಹಾಕಬೇಕು ಎಂದ. ಐವತ್ತಮೂರನೆಯ ವಯಸ್ಸಿನಲ್ಲಿ ಅವಳದೇ ಹೆಸರಿನ ಮೊದಲ ಪ್ರದರ್ಶನ. ಒಂದು ಶನಿವಾರ ಅವನೇ ಬಂದ. ನಾನು ಆಗ ಕಿಟಕಿಯ ಕಟ್ಟೆಯ ಮೇಲೆ ಒಣ ಬ್ರಷ್ಷುಗಳನ್ನು ಹೊತ್ತುಕೊಂಡಿದ್ದೆ.

ಟ್ರಂಕು ತೆರೆದರು. ಮೇಲಿನ ಚಿತ್ರಗಳು ಸರಿಯಿದ್ದವು. ಕೆಳಗಿನವೂ ಸರಿಯಿದ್ದವು. ನಡುವಿನ ಏಳನ್ನು ಹೊರತೆಗೆದಾಗ ಅವುಗಳಿಂದ ಹಿಟ್ಟಿನಂಥ ಪುಡಿ ಉದುರಿತು. ಬೆಳ್ಳಿಯ ಬಣ್ಣದ ಹುಳವೊಂದು ಜಾರಿ ಟ್ರಂಕಿನ ಮೂಲೆ ಸೇರಿತು. ನೇಕಾರರ ಓಣಿಯಲ್ಲಿ ಹರಕು ಹರಕಾದ ತೂತುಗಳು. ಕೈ ಉಳಿದಿತ್ತು, ಸೊಂಟ ಇರಲಿಲ್ಲ. ಒಣಗಿ ಘಾಟು ಹೋದ ಬಜೆ ಬೇರುಗಳು ಏನೂ ಮಾಡಿರಲಿಲ್ಲ.

"ಏನ್ರಿ ಫಕೀರಪ್ಪನ ಮಗಳ," ಎಂದ ಹಂಚಿನಾಳ. "ಬೈಂಡರನ ಮನ್ಯಾಗ ಹುಟ್ಟಿ ತುತ್ತ ಮರತ್ರೇನು?"

ಅವಳು ಉದುರಿದ ಪುಡಿಯನ್ನು ಅಂಗೈಯಿಂದ ಒಂದೆಡೆ ಗುಡಿಸಿದಳು.

"ಇರೂದರೊಳಗ ಇವ ಚಲೋ ಅದಾವ. ಇವ ಹಾಳಾಗ್ಯಾವ. ನೋಡ್ರಿ, ಹೊಸ ಚೂರು ಹಚ್ಚಿ ತೂತು ಮುಚ್ಚರಿ. ಇಲ್ಲಂದ್ರ ಈ ಏಳು ಬಿಟ್ಟು ಬ್ಯಾರೆ ಕೊಡ್ರಿ."

"ಹಿಂಗ ಹಾಕಾಕ ಬರಂಗಿಲ್ಲೇನು?"

"ಹಿಂಗ? ಹಾಕಬಹುದು. ಜನ ಕೇಳತಾರ. ಹಂಗಿದ್ರ ಯಾಕ ಹಿಂಗಾತು ಅಂತ ಎರಡು ಸಾಲು ಬರದು ಕೊಡ್ರಿ, ಚಿತ್ರದ ಬಾಜೂ ಹಚ್ಚೋಣು. ಸೋಮವಾರದೊಳಗ ಬೇಕು."

ಅವನು ಹೋದ ಮೇಲೆ ಅವಳು ಒಂದು ಲಗ್ನಪತ್ರಿಕೆಯ ಹಿಂಬದಿಯ ಮೇಲೆ ಬರೆಯತೊಡಗಿದಳು. ಎರಡು ಸಾಲಲ್ಲ, ಹತ್ತು ಸಾಲಾದರೂ ಆಗಿರಬೇಕು. ನನಗೆ ಓದಲು ಬರುವುದಿಲ್ಲ. ಆದರೆ ನಡುವೆ ಒಮ್ಮೆ ಪೆನ್ನು ನಿಲ್ಲಿಸಿ ನೆಲದ ಮೇಲೆ, ಹಿಂದೆ ಅವಳ ಹಲಗೆ ಇರುತ್ತಿದ್ದ ಜಾಗವನ್ನು ನೋಡಿದಳು. ಏನು ಬರೆಯುತ್ತಿದ್ದಾಳೆಂದು ನನಗೆ ತಿಳಿಯಿತು.

ಭಾನುವಾರ ತನುಜಾ ಬಂದಳು. ಅಪ್ಪ ಫೋನು ಮಾಡಿ, ಚಿತ್ರಗಳ ಪಟ್ಟಿ ಮಾಡಿಕೊಡು ಎಂದಿದ್ದನಂತೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹೆಸರು, ಅಳತೆ, ವರ್ಷ ಎಂದು ಟೈಪು ಮಾಡುತ್ತ ಹೋದಳು. ಆ ಏಳು ಬಂದಾಗ ಬೆರಳು ನಿಂತಿತು.

"ಇವೆಲ್ಲಾ ನಾ ಹುಟ್ಟಿದ ಮ್ಯಾಲಿನವು."

"ಹೂಂ."

"ಹಿಂದಿನವಕ್ಕ ತುತ್ತ ಹಾಕೀದಿ. ಮುಂದಿನವಕ್ಕ ಹಾಕೀದಿ. ಇವಕ್ಕಷ್ಟ ಇಲ್ಲ. ಆಗ ಲಕ್ಷ್ಯ ಎಲ್ಲಿತ್ತವಾ? ಮಗಳ ಮ್ಯಾಲಂತೂ ಇರಲಿಲ್ಲ, ಹಾಳಿ ಮ್ಯಾಲೂ ಇರಲಿಲ್ಲೇನು?"

ನಕ್ಕೇ ಹೇಳಿದಳು. ಆದರೆ ಆ ನಗು ಬಹಳ ವರ್ಷ ಬಿಸಿಲಿಗಿಟ್ಟು ಒಣಗಿಸಿದ್ದು. ಬರೆದ ಲಗ್ನಪತ್ರಿಕೆ ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ತಿರುಗಿಸಿದರೆ ಸಾಕಿತ್ತು.

ವಿಮಲಾಕ್ಷಿ ಒಂದು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ತೂತುಗಳ ಅಂಚಿನ ಮೇಲೆ ಬೆರಳಾಡಿಸಿದಳು. ಅಂಟು ತೆಳುವಾಗಿದ್ದ ಕಡೆ ಹುಳ ಹೆಚ್ಚು ಮುಟ್ಟಿರಲಿಲ್ಲ. ದಪ್ಪಗೆ ಮೆತ್ತಿದ್ದಲ್ಲೆಲ್ಲ ತಿಂದು ಹಾಕಿತ್ತು. ಎಲ್ಲೆಲ್ಲಿ ಮಗು ಎದ್ದಿತ್ತೋ, ಎಲ್ಲೆಲ್ಲಿ ಅವಳು ಕೆಲಸ ಬಿಟ್ಟು ಓಡಿದ್ದಳೋ ಅಲ್ಲೆಲ್ಲ ಈಗ ಕೆಳಗಿನ ಮೇಜು ಕಾಣುತ್ತಿತ್ತು. ಇಲ್ಲಿ ಹಸಿವೆಗೆ ಎದ್ದದ್ದು. ಇಲ್ಲಿ ಜ್ವರ ಬಂದ ದಿನ. ಅವಳ ಬೆರಳು ನಿಂತು ನಿಂತು ಹೋಗುತ್ತಿತ್ತು. ಅವಳು ಬಾಯಿ ತೆರೆದದ್ದನ್ನೂ ನಾನು ನೋಡಿದೆ.

"ಮರತಿದ್ದೆ," ಎಂದಳು.

"ನೀ ಮರಿಯಾಕಿ ಅಲ್ಲ," ಎಂದಳು ತನುಜಾ. ಪರದೆಯಿಂದ ಕಣ್ಣು ತೆಗೆದು ತಾಯಿಯನ್ನೇ ನೋಡಿದಳು. ಆಮೇಲೆ ಚಿತ್ರವನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. "ಈ ವಾಸನಿ ನನಗ ಗೊತ್ತೈತಿ. ಸಪ್ಪಗ ಇರತಿತ್ತು ಅಲ್ಲ ಅಂಟು? ಬೆರಳಿಲೆ ತಗೊಂಡು ತಿಂದಂಗ ನೆನಪು. ತಿಂತಿದ್ನೇನ ನಾನು?"

ಕೋಣೆಯಲ್ಲಿ ಹಾಲು ಉಕ್ಕುವ ಮುಂಚಿನಂಥ ಮೌನ. ಇನ್ನೊಂದು ಮಾತು ಸಾಕಿತ್ತು. ತಿನ್ನಬಹುದಾದ ಅಂಟಿನಲ್ಲಿ ತುತ್ತ ಇರಲು ಹೇಗೆ ಸಾಧ್ಯ ಎಂದು ಆಗ ಮಗಳೇ ತನ್ನನ್ನು ಕೇಳಿಕೊಂಡುಬಿಡುತ್ತಿದ್ದಳು.

"ತಿಂತಿದ್ದಿ," ಎಂದಳು ವಿಮಲಾಕ್ಷಿ. "ಏನ್ ಕೊಟ್ಟರೂ ತಿಂತಿದ್ದಿ. ಚಾ ಇಡಲೇನ?"

"ಇಡು. ಸಕ್ಕರಿ ಕಡಿಮಿ."

ತಾಯಿ ಒಳಗೆ ಹೋದಳು. ಮಗಳು ಆ ಚಿತ್ರವನ್ನು ಕೂಡಲೇ ಕೆಳಗಿಡಲಿಲ್ಲ. ಕಿಟಕಿಗೆ ಹಿಡಿದು ತೂತುಗಳಿಂದ ಬರುವ ಬೆಳಕನ್ನು ನೋಡಿದಳು, ಒಮ್ಮೆ ಒಂದು ಕಣ್ಣು ಮುಚ್ಚಿ ಅದರೊಳಗಿಂದ ಹೊರಗೂ ನೋಡಿದಳು. ಚಹಾ ಕುಡಿಯುತ್ತ ಕೇಳಿದಳು, "ಷರಾದಾಗ ಏನ್ ಬರೀಲಿ? ಹುಳಾ ಹತ್ಯಾವ ಅಂತ ಹಾಕಲೇನ?"

"ವರ್ಷ ಬರಿ. ಸಾಕು."

"ಉದ್ಘಾಟನಾ ಯಾವಾಗ?"

"ಹದಿನೆಂಟಕ್ಕ. ಹನ್ನೊಂದು ಗಂಟೆಕ್ಕ."

"ರಜಾ ಸಿಗತೈತೇನೋ ನೋಡತೀನಿ," ಎಂದಳು ತನುಜಾ. ಬರುತ್ತೇನೆ ಎನ್ನಲಿಲ್ಲ. ನಾಲ್ಕರ ಬಸ್ಸಿಗೆ ಹೋದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತಾಯಿಯ ಭುಜ ಹಿಡಿದುಕೊಂಡಳು. ಆಸರೆಗಾಗಿ ಹಿಡಿದದ್ದೇ ಇರಬಹುದು.

ನನ್ನ ಕಥೆ ಇಲ್ಲಿಗೆ ಬಂದಿದೆ. ಇನ್ನು ನನ್ನನ್ನು ಯಾರೂ ಒಲೆಯ ಮೇಲೆ ಇಡುವುದಿಲ್ಲ. ಹೊಸ ಸ್ಟೀಲಿನ ಪಾತ್ರೆ ಬಂದಿದೆ, ತುತ್ತ ಅದನ್ನು ಏನೂ ಮಾಡಲಾರದಂತೆ. ಕಿಟಕಿಯ ಕಟ್ಟೆಯ ಮೇಲೆ ಕೂತು ನಾನು ಬಯಸುವುದು ಹಾಲನ್ನಲ್ಲ. ಆ ಬಯಕೆ ಎಂದೋ ತೀರಿತು. ಒಂದು ಬೆರಳು ಬೇಕಿತ್ತು, ಬೆಚ್ಚಗಿನದು, ನಿದ್ದೆಯಿಂದ ಎದ್ದು ನೇರ ನನ್ನ ಬಳಿಗೆ ಬಂದದ್ದು. ನನಗೇ ಇಷ್ಟಿರುವಾಗ ಅವಳಿಗೆ ಎಷ್ಟಿರಬೇಡ. ಬರೆದದ್ದನ್ನು ತೋರಿಸಿದ್ದರೆ ಮಗಳು ಅಂದು ಉಳಿಯುತ್ತಿದ್ದಳು, ಅತ್ತು ತಾಯಿಯ ಮಡಿಲಲ್ಲಿ ತಲೆಯಿಡುತ್ತಿದ್ದಳು. ಆಮೇಲೆ ಪ್ರತಿ ಹಬ್ಬಕ್ಕೂ ಬರುತ್ತಿದ್ದಳು, ಏಳು ಚಿತ್ರಗಳ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು. ಅದು ಬೇಡವೆಂದು ತಾಯಿಗೆ ಅನಿಸಿತೋ, ಅಥವಾ ಆ ಹದಿನಾಲ್ಕನೆಯ ತಿಂಗಳ ಮಧ್ಯಾಹ್ನವನ್ನು ಇವತ್ತಿಗೂ ಬಾಯಿಬಿಟ್ಟು ಹೇಳಲು ಆಗಲಿಲ್ಲವೋ, ನಾನು ಬಲ್ಲೆನೆಂದು ಹೇಳಲಾರೆ. ಎರಡೂ ಇರಬಹುದು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅವಳು ಹಂಚಿನಾಳನಿಗೆ ಫೋನು ಮಾಡಿದಳು. "ಇಪ್ಪತ್ತೂ ಕಳಸತೀನಿ. ಏಳೂ ಇದ್ದಂಗ ಬರತಾವ. ಬರಿಯೂದು ಏನಿಲ್ಲ," ಎಂದಳು. ಅವನು ಏನೋ ಕೇಳಿದ. "ಹೂಂ, ಕೇಳಿದವರಿಗೆ ಮರತಿದ್ದೆ ಅಂತ ಹೇಳ್ರಿ. ನಗಲಿ," ಎಂದಳು.

ಹಲಗೆಯ ಮೇಲೆ ಅರ್ಧವಾದ ಹೊಸ ಚಿತ್ರವಿತ್ತು. ಮೇಜಿನಿಂದ ಆ ಲಗ್ನಪತ್ರಿಕೆ ತೆಗೆದು, ಬರೆದದ್ದನ್ನು ಒಮ್ಮೆ ಓದಿದಳು. ಆಮೇಲೆ ಕೈಯಿಂದ ನಿಧಾನವಾಗಿ ಹರಿದಳು, ಮೂರು ಚೂರು, ಅಂಚಿನಲ್ಲಿ ಬಿಳಿಯ ನೂಲು ಎದ್ದಿತು. ಬರೆದ ಮುಖಕ್ಕೆ ಅಂಟು ಬಳಿದು, ಆ ಮುಖವನ್ನೇ ಕೆಳಗೆ ಮಾಡಿ ಚಿತ್ರದ ನಡುವೆ ಇಟ್ಟಳು. ಅಂಗೈಯಿಂದ ಒತ್ತಿದಳು, ಒಳಗೆ ಗಾಳಿ ಉಳಿಯದಂತೆ, ಬಹಳ ಹೊತ್ತು. ಅದರ ಮೇಲೆ ಇನ್ನೊಂದು ಕಾಗದ ಹಚ್ಚಿ, ಕೈ ತೊಳೆದುಕೊಂಡು, ಶಾಲೆಗೆ ಹೋದಳು.